ಮಳೆ ಅಳೆಯುವುದರಿಂದ ಶುರು ಮಾಡಿದೆವು

ಚಳ್ಳಕೆರೆ ಕಡೆಯ ಹಳ್ಳಿಗಳಲ್ಲಿ ಶೇಂಗಾ ಬೆಳೆಯುವವರ ಜೊತೆ ಕೆಲಸ ಮಾಡುತ್ತೇನೆ. ಹವಾಮಾನ ಬದಲಾವಣೆ ಅಂತ ಮಾತು ತೆಗೆದರೆ ಸಾಕು, ಯಾರಾದರೂ ಕೇಳುತ್ತಾರೆ: ‘2022ರಲ್ಲಿ ಮಾರಿಕಣಿವೆ ಕೋಡಿ ಬಿತ್ತಲ್ಲ ಸಾರ್, ಮಳೆ ಎಲ್ಲಿ ಕಡಿಮೆಯಾಗಿದೆ?’

ನ್ಯಾಯವಾದ ಪ್ರಶ್ನೆ. ಮಾರಿಕಣಿವೆ ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟು, 1933ರ ನಂತರ ಮೊದಲ ಸಲ ಕೋಡಿ ಬಿದ್ದದ್ದು ಆಗಲೇ. ಮರುವರ್ಷವೇ ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿ ಸೇರಿದವು. ಎರಡನ್ನೂ ಕಂಡವರ ಮುಂದೆ ಭಾಷಣ ಮಾಡಿ ಏನು ಪ್ರಯೋಜನ? ಮಳೆ ಅಳೆಯೋಣ ಬನ್ನಿ ಎಂದೆ.

ಬಾಯಿ, ತಳ ಒಂದೇ ಅಗಲ ಇರುವ ಪ್ಲಾಸ್ಟಿಕ್ ಡಬ್ಬಿ ಸಾಕು. ಮರ, ಸೂರಿನಿಂದ ದೂರ, ಬಯಲಲ್ಲಿ ಗೂಟಕ್ಕೆ ಕಟ್ಟಬೇಕು. ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಇಟ್ಟು ನೋಡಿ, ಬರೆದು, ನೀರು ಚೆಲ್ಲಬೇಕು. ಎರಡೂವರೆ ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಅದು ಮಳೆ ದಿನ. ಪಂಚಾಯ್ತಿಯಲ್ಲಿ ಸರ್ಕಾರದ ಮಳೆಮಾಪಕ ಇದೆ, ನಿಜ. ಆದರೆ ಇಲ್ಲಿ ಒಂದು ಹೊಲ ನೆನೆದರೆ ಪಕ್ಕದ್ದು ಒಣಗಿರುತ್ತದೆ ಅಲ್ವಾ? ಡಬ್ಬಿಯ ಲೆಕ್ಕ ಹೆಚ್ಚಾಗಿ ಇಟ್ಟವರು ಸಂಘದ ಹೆಂಗಸರು.

ಪುಸ್ತಕದಲ್ಲಿ ತಿಂಗಳ ಹೆಸರು ಹಾಕಲಿಲ್ಲ. ರೋಹಿಣಿ, ಮೃಗಶಿರ, ಆರಿದ್ರ ಅಂತ ಮಳೆ ಹೆಸರಲ್ಲೇ ಬರೆದೆವು. ಆಗ ಅಜ್ಜಂದಿರೂ ಬಂದು ಕೂತರು. ಮಳೆಯಿಲ್ಲದ ದಿನಕ್ಕೆ ಕೆಂಪು ಗೀಟು ಎಳೆದೆವು. ಒಟ್ಟು ಮಳೆ ಪರವಾಗಿರಲಿಲ್ಲ. ಆದರೆ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಕೆಂಪು ಗೀಟು ಸಾಲುಗಟ್ಟಿತ್ತು. ಯಾರಿಗೂ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ.

ಕಾರಣ ಆಮೇಲೆ ಹೇಳಿದೆ. ಒಂದು ಡಿಗ್ರಿ ಬಿಸಿ ಏರಿದರೆ ಗಾಳಿ ಸುಮಾರು ಶೇಕಡ 7ರಷ್ಟು ಜಾಸ್ತಿ ನೀರಾವಿ ಹಿಡಿಯಬಲ್ಲದು. ಮಳೆ ಸುರಿದರೆ ಜೋರಾಗಿ ಸುರಿಯುತ್ತದೆ, ನಡುವೆ ಮಳೆಯಿಲ್ಲದಾಗ ಬಿಸಿ ಗಾಳಿ ನೆಲದ ತೇವವನ್ನೂ ಬೇಗ ಹೀರುತ್ತದೆ. ಒಂದು ವರ್ಷದ ಬರಕ್ಕೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಂಬಿಕೆ ಹೋಗುತ್ತದೆ.

ಜನರನ್ನು ಅಲುಗಾಡಿಸಿದ್ದು ಇನ್ನೊಂದು ಲೆಕ್ಕ. ಒಂದು ಎಕರೆ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು. ‘ಅಷ್ಟೂ ನೀರು ಹಳ್ಳಕ್ಕೆ ಬಿಡ್ತಿದ್ದೀವಾ?’ ಎಂದರು ಒಬ್ಬ ಅಕ್ಕ. ಬದು, ಕೃಷಿ ಹೊಂಡದ ಮಾತು ಅವರೇ ಎತ್ತಿದರು. ಶೇಂಗಾ ನಡುವೆ ತೊಗರಿಯ ಅಕ್ಕಡಿ ಸಾಲು ಮತ್ತೆ ಬಂತು. ತೊಗರಿ ಬೇರು ಆಳಕ್ಕಿಳಿಯುತ್ತದೆ, ಹಸ್ತ, ಚಿತ್ತ ಮಳೆಯನ್ನೂ ಬಳಸಿಕೊಳ್ಳುತ್ತದೆ. ಬಿತ್ತನೆ ಆಗಸ್ಟ್‌ಗೆ ಜಾರಿದರೆ ನವಣೆ, ಹುರುಳಿ ಎಂದು ಮೊದಲೇ ಮಾತಾಡಿಕೊಂಡು ಬೀಜ ಎತ್ತಿಟ್ಟರು.

ನನ್ನನ್ನು ಕಾಡುವುದು ಗುತ್ತಿಗೆ ಹೊಲ ಮಾಡುವವರ ಪಾಡು. ಬೇರೆಯವರ ಜಮೀನಿನಲ್ಲಿ ಹೊಂಡ ತೋಡಿಸಲಾಗದು. ನಷ್ಟ ಮಾತ್ರ ಪೂರ್ತಿ ಅವರದೇ. ಅವರ ಜೊತೆ ಈಗ ಇಳಿಜಾರಿಗೆ ಅಡ್ಡ ಉಳುಮೆ ಮಾಡಿಸುತ್ತಿದ್ದೇವೆ. ಕೆಲವು ಸಾಲಿಗೊಂದರಂತೆ ಆಳದ ಸಾಲು ಬಿಡಿಸುತ್ತೇವೆ, ನೀರು ಅಲ್ಲೇ ಇಂಗಲಿ ಅಂತ. ಅದಕ್ಕೆ ಜಮೀನಿನವರ ಸಹಿ ಬೇಕಾಗಿಲ್ಲ. ಎತ್ತು, ನೇಗಿಲು ಇದ್ದರೆ ಆಯ್ತು.