ಅಗ್ಗದ ವಿಮಾನ ಟಿಕೆಟಿಗೆ ಪ್ರೀಪೇಡ್ ಕಾರ್ಡ್: ನಾನು ಬುಕ್ ಮಾಡಿದ್ದು ಹೀಗೆ

ಯುರೋಪಿನ ಅಗ್ಗದ ವಿಮಾನ ಕಂಪನಿಗಳ ಟಿಕೆಟ್ ದರ ನಿಜಕ್ಕೂ ಕಡಿಮೆಯೇ. ನಮ್ಮಂಥವರ ರೊಕ್ಕ ಸೋರುವುದು ಕೊನೆಯ ಪೇಮೆಂಟ್ ಪುಟದಲ್ಲಿ. ತಂಗಿ ಡಬ್ಲಿನ್‌ನಲ್ಲಿದ್ದಾಳೆ. ಅಪ್ಪ ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋಗುವಾಗ ಡಬ್ಲಿನ್–ಲಂಡನ್ ಟಿಕೆಟ್‌ಗಳನ್ನು ಬೆಳಗಾವಿಯ ಮನೆಯಲ್ಲಿ ಕೂತೇ ಪ್ರೀಪೇಡ್ ಫಾರೆಕ್ಸ್ ಕಾರ್ಡಿನಿಂದ, ಅಂದರೆ ಮೊದಲೇ ವಿದೇಶಿ ಹಣ ತುಂಬಿಟ್ಟುಕೊಳ್ಳುವ ಕಾರ್ಡಿನಿಂದ, ಮಾಡಿದೆ. ಹೇಗೆ ಮಾಡಿದೆ ಅಂತ ಬಹಳ ಜನ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಪ್ರೀಪೇಡ್ ಕಾರ್ಡಿನ ಉಪಾಯ ಮೊದಲು ಯುರೋಪಿನದೇ. 2010ರ ಹೊತ್ತಿಗೆ ಐರ್ಲೆಂಡಿನ ಅಗ್ಗದ ವಿಮಾನ ಕಂಪನಿ ರಯಾನ್‌ಏರ್‌ನ ಟಿಕೆಟ್ ತೆಗೆದುಕೊಂಡರೆ ಒಬ್ಬರಿಗೆ, ಒಂದು ದಾರಿಗೆ 5 ಪೌಂಡ್ ಬುಕಿಂಗ್ ಶುಲ್ಕ ಬೀಳುತ್ತಿತ್ತು. ಮಾಸ್ಟರ್‌ಕಾರ್ಡ್ ಪ್ರೀಪೇಡ್ ಕಾರ್ಡ್ ಇದ್ದವರಿಗೆ ಮಾತ್ರ ಆ ಶುಲ್ಕ ಇರಲಿಲ್ಲ, ಹೀಗಾಗಿ ಜನ ಟಿಕೆಟ್ ಸಲುವಾಗಿಯೇ ಆ ಕಾರ್ಡ್ ಮಾಡಿಸಿಕೊಳ್ಳುತ್ತಿದ್ದರು. 2018ರ ಜನವರಿ 13ರಿಂದ ಯುರೋಪಿನ ಹೊಸ ಕಾನೂನು ಬಂದು, ಅಲ್ಲಿನ ಸಾಮಾನ್ಯ ಗ್ರಾಹಕರ ಕಾರ್ಡುಗಳ ಮೇಲೆ ಇಂಥ ಹೆಚ್ಚುವರಿ ಶುಲ್ಕ ಹಾಕುವುದು ನಿಂತಿತು. ನಮಗೆ ಉಳಿದಿರುವ ಖರ್ಚು ಬೇರೆ. ಕರೆನ್ಸಿ ಬದಲಿಸುವ ಖರ್ಚು.

ಲೆಕ್ಕ ಸುಲಭವಾಗಲಿ ಅಂತ ಯೂರೋಗೆ 100 ರೂಪಾಯಿ ಅಂತ ಹಿಡಿಯೋಣ. 200 ಯೂರೋ ಟಿಕೆಟ್ ಅಂದರೆ 20,000 ರೂಪಾಯಿ. ನಮ್ಮ ಬಹಳಷ್ಟು ಕ್ರೆಡಿಟ್ ಕಾರ್ಡುಗಳು ವಿದೇಶಿ ಖರೀದಿಗೆ 3.5% ಮಾರ್ಕಪ್, ಅಂದರೆ ಕರೆನ್ಸಿ ಬದಲಿಸಿದ್ದಕ್ಕೆ ಹೆಚ್ಚುವರಿ ಶುಲ್ಕ, ಹಾಕುತ್ತವೆ. ಅದು 700 ಆಯಿತು. ಅದರ ಮೇಲೆ 18% ಜಿಎಸ್‌ಟಿ, 126. ಸುಮ್ನೆ 826 ರೂಪಾಯಿ ಹೋಯಿತು ಅಲ್ವಾ? ಫಾರೆಕ್ಸ್ ಕಾರ್ಡಿನಲ್ಲಿ ಯೂರೋ ತುಂಬಿಟ್ಟು ಯೂರೋದಲ್ಲೇ ಕೊಟ್ಟರೆ ಈ ಮಾರ್ಕಪ್ ಬೀಳುವುದಿಲ್ಲ.

ಆದರೆ ಕಾರ್ಡ್ ತುಂಬುವ ಹೊತ್ತಿಗೇ ಬ್ಯಾಂಕು ತನ್ನ ಲಾಭವನ್ನು ರೇಟಿನಲ್ಲಿ ಸೇರಿಸಿರುತ್ತದೆ. ಇದನ್ನು ನೋಡದೆ ಕಾರ್ಡ್ ತೆಗೆದುಕೊಂಡರೆ ಉಳಿತಾಯ ಅನ್ನುವುದು ಬರೀ ಮಾತು. ಗೂಗಲ್‌ನಲ್ಲಿ 100 ತೋರಿಸುವಾಗ ಅವರು 103 ಹೇಳಿದರೆ ಏನು ಉಳಿಯಿತು? ನಾನು ತಿಲಕವಾಡಿ, ಕಾಲೇಜ್ ರೋಡ್ ಕಡೆ ಒಂದೇ ದಿನ, ಒಂದೇ ಹೊತ್ತಿಗೆ ಬೇರೆ ಬೇರೆ ಕಡೆ ಫೋನ್ ಮಾಡಿ ಕೇಳಿದೆ. ರೇಟಿನಲ್ಲಿ ಚೆನ್ನಾಗಿಯೇ ವ್ಯತ್ಯಾಸ ಇತ್ತು. "ರೇಟ್ ಸ್ವಲ್ಪ ನೋಡಿ ಹಚ್ಚರಿ" ಅಂದರೆ ಇಳಿಸುತ್ತಾರೆ ಕೂಡ, ಕೇಳುವುದಕ್ಕೆ ಸಂಕೋಚ ಬೇಡ. ಕಾರ್ಡ್ ಕೊಡುವ ಚಾರ್ಜ್ ಎಷ್ಟು, ಮತ್ತೆ ತುಂಬಿಸಿದರೆ ಎಷ್ಟು, ಅದನ್ನೂ ಕೇಳಿ. ಕರೆನ್ಸಿ ಕೊಂಡಾಗ ಬೀಳುವ ಜಿಎಸ್‌ಟಿ ಎಷ್ಟೇ ಸಣ್ಣ ಮೊತ್ತವಾದರೂ ಕನಿಷ್ಠ 45 ರೂಪಾಯಿ, ಹಾಗಾಗಿ ಚೂರುಚೂರು ತುಂಬುವುದಕ್ಕಿಂತ ಒಂದೇ ಸಲ ತುಂಬುವುದು ಒಳ್ಳೆಯದು. ಪಾಸ್‌ಪೋರ್ಟ್, ಪ್ಯಾನ್, ವೀಸಾ ಪ್ರತಿ ಕೊಟ್ಟೆ, ಫಾರ್ಮ್ ತುಂಬಿದೆ, ಅಷ್ಟೇ.

ನಾನು ಯೂರೋ, ಪೌಂಡ್ ಎರಡನ್ನೂ ಒಂದೇ ಕಾರ್ಡಿನಲ್ಲಿ ಹಾಕಿಸಿದೆ. ಡಬ್ಲಿನ್‌ನಿಂದ ಹೊರಡುವ ಟಿಕೆಟಿಗೆ ಯೂರೋ ದರ, ಲಂಡನ್‌ನಿಂದ ಹೊರಡುವುದಕ್ಕೆ ಪೌಂಡ್ ದರ ಇತ್ತು. ಕಾರ್ಡಿನಲ್ಲಿ ಯೂರೋ ಮಾತ್ರ ಇದ್ದು ಪೌಂಡ್‌ನಲ್ಲಿ ಕೊಡಬೇಕಾಗಿ ಬಂದರೆ ಕ್ರಾಸ್ ಕರೆನ್ಸಿ ಚಾರ್ಜ್ ಅಂತ ಇನ್ನೊಂದು ಬೀಳುತ್ತದೆ.

ಈಗ ಪೇಮೆಂಟ್ ಪುಟ. ಇಲ್ಲಿ ಗಡಿಬಿಡಿ ಮಾಡಬೇಡಿ. ಕಾರ್ಡ್ ನಂಬರ್ ಹಾಕಿದ ಕೂಡಲೇ ಇದು ಭಾರತದ ಕಾರ್ಡ್ ಅಂತ ಸೈಟಿಗೆ ಗೊತ್ತಾಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ ಒಟ್ಟು ಮೊತ್ತ ರೂಪಾಯಿಗೆ ಬದಲಾಯಿತು. ಪಕ್ಕದಲ್ಲಿ ಟಿಕ್ ಮೊದಲೇ ಬಿದ್ದಿತ್ತು. ಪಕ್ಕದಲ್ಲಿ ಕೂತಿದ್ದ ಅಪ್ಪ, "ರೂಪಾಯಿದಾಗ ತೋರಸಾಕತ್ತೈತಲ್ಲ, ಅದ ಚಲೋ ಅಲ್ಲೇನು?" ಅಂದರು. ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಆ ರೂಪಾಯಿ ಮೊತ್ತದಲ್ಲಿ ಅವರದೇ ರೇಟ್, ಅವರದೇ ಲಾಭ ಸೇರಿರುತ್ತದೆ. ಫಾರೆಕ್ಸ್ ಕಾರ್ಡಿಗಂತೂ ಇದು ಇನ್ನೂ ಕೆಟ್ಟದ್ದು. ಯೂರೋ ಟಿಕೆಟನ್ನು ಅವರು ರೂಪಾಯಿಗೆ ಬದಲಿಸುತ್ತಾರೆ, ಆ ರೂಪಾಯಿ ಕೊಡಲು ನಿಮ್ಮ ಕಾರ್ಡಿನ ಯೂರೋ ಮತ್ತೆ ಬದಲಾಗಬೇಕು, ಅಂದರೆ ಎರಡು ಸಲ ಕಡಿತ. ಕೆಲವೊಮ್ಮೆ ಪೇಮೆಂಟೇ ಹೋಗದೆ ಇರಬಹುದು. ನಾನು ಆ ಸಾಲನ್ನು ತೆರೆದು ಟಿಕ್ ತೆಗೆದೆ, ಮೊತ್ತ ಯೂರೋಗೆ ಮರಳಿದ್ದನ್ನು ಕಣ್ಣಾರೆ ನೋಡಿ ಆಮೇಲೆ ಒತ್ತಿದೆ.

ಇದಕ್ಕೂ ಮೊದಲು ಕಾರ್ಡಿನ ಆ್ಯಪ್‌ನಲ್ಲಿ ಆನ್‌ಲೈನ್ ಬಳಕೆ ಆನ್ ಮಾಡಿಕೊಂಡಿದ್ದೆ. ಓಟಿಪಿ ಬರುವುದು ಇಲ್ಲಿನ ಸಿಮ್‌ಗೆ, ಅದಕ್ಕೇ ಎಲ್ಲ ಬುಕಿಂಗ್ ಊರು ಬಿಡುವ ಮೊದಲೇ ಮುಗಿಸಿದೆ. ಬ್ಯಾಗ್ ಬೇಕಿದ್ದರೆ ಅದನ್ನೂ ಆಗಲೇ ಸೇರಿಸಿ, ಏರ್‌ಪೋರ್ಟಿನಲ್ಲಿ ಕೊಟ್ಟರೆ ಬಹಳ ಜಾಸ್ತಿ. ಚೆಕ್‌-ಇನ್ ಕೂಡ ಆನ್‌ಲೈನ್‌ನಲ್ಲೇ ಮಾಡಿ. ರಯಾನ್‌ಏರ್ ಕೌಂಟರಿನಲ್ಲಿ ಚೆಕ್‌-ಇನ್ ಮಾಡಿಸಿದರೆ ತಲೆಗೆ 55 ಯೂರೋವರೆಗೆ ಹೋಗುತ್ತದೆ. ಅದರ ಮುಂದೆ ಮೇಲಿನ ಉಳಿತಾಯವೆಲ್ಲ ಏನೂ ಅಲ್ಲ.

ನಮ್ಮ ಬೆಳಗಾವಿಯ ಸಾಂಬ್ರಾ ಏರ್‌ಪೋರ್ಟಿನಿಂದ ಹೊರಡುವ ದೇಶದೊಳಗಿನ ವಿಮಾನಕ್ಕೆ ಈ ಕಾರ್ಡ್ ಉಪಯೋಗವಿಲ್ಲ. ಇಲ್ಲಿ ಕಾಡುವುದು ಕನ್ವೀನಿಯನ್ಸ್ ಫೀ, ಅಂದರೆ ಆನ್‌ಲೈನ್ ಬುಕಿಂಗ್‌ಗೆ ಹಾಕುವ ಹೆಚ್ಚುವರಿ ಶುಲ್ಕ. ಸಾಮಾನ್ಯವಾಗಿ ಅದು ಒಬ್ಬರಿಗೆ, ಒಂದು ದಾರಿಗೆ ಇಷ್ಟು ಅಂತ ಇರುತ್ತದೆ, ಮೂರು ಜನ ಹೋಗಿ ಬಂದರೆ ಆರು ಸಲ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ವ್ಯಾಪಾರಿಗಳು ಬ್ಯಾಂಕಿಗೆ ಎಂಡಿಆರ್, ಅಂದರೆ ಪ್ರತಿ ಪೇಮೆಂಟಿನ ಮೇಲಿನ ಶುಲ್ಕ, ಕೊಡಬೇಕಾಗಿಲ್ಲ. ಆದರೂ ಗ್ರಾಹಕರಿಂದ ಫೀ ತೆಗೆದುಕೊಳ್ಳುವುದು ನನಗೆ ಸರಿ ಅನ್ನಿಸುವುದಿಲ್ಲ. ನಾನು ಕಂಪನಿಯ ಸ್ವಂತ ಸೈಟಿನಲ್ಲಿ ಯುಪಿಐ, ಕಾರ್ಡ್, ನೆಟ್ ಬ್ಯಾಂಕಿಂಗ್ ಒಂದೊಂದನ್ನೇ ಒತ್ತಿ, ಕೊನೆಯ ಮೊತ್ತ ಯಾವುದರಲ್ಲಿ ಕಡಿಮೆ ಅಂತ ನೋಡಿ ಕೊಡುತ್ತೇನೆ.

ಊರಿಗೆ ಬಂದ ಕೂಡಲೇ ಫಾರೆಕ್ಸ್ ಕಾರ್ಡ್ ಮುಚ್ಚಿಸಬೇಡಿ. ಯಾವುದಾದರೂ ಟಿಕೆಟ್ ರದ್ದಾಗಿದ್ದರೆ ರಿಫಂಡ್ ಅದೇ ಕಾರ್ಡಿಗೆ ಬರುತ್ತದೆ. ಉಳಿದ ಹಣ 2,000 ಡಾಲರ್‌ವರೆಗೆ ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿದ್ದರೆ ಮರಳಿ ಬಂದ 180 ದಿನದೊಳಗೆ ಬ್ಯಾಂಕಿಗೆ ಕೊಡಬೇಕು. ವಾಪಸ್ ಕೊಡುವಾಗಿನ ರೇಟ್ ಕಡಿಮೆ ಇರುತ್ತದೆ, ಹಾಗಾಗಿ ತುಂಬುವಾಗಲೇ ಬೇಕಾದಷ್ಟನ್ನೇ ತುಂಬಿ.