ಮಣಿಪಾಲಕ್ಕೆ ಹೊರಡುವ ಮುನ್ನ ಒಂದು ಹಾಳೆ

ಕುಮಟಾದಿಂದ ನಸುಕಿನಲ್ಲೇ ಹೊರಟು, ಮಣಿಪಾಲದ ದೊಡ್ಡ ಆಸ್ಪತ್ರೆಯಲ್ಲಿ ಮಧ್ಯಾಹ್ನದವರೆಗೆ ಕಾದು, ಕೊನೆಗೂ ನರರೋಗ ತಜ್ಞರ ಎದುರು ಕುಳಿತ ನಮ್ಮ ದೊಡ್ಡಪ್ಪ ಹೇಳಿದ್ದು ಒಂದೇ ಮಾತು: ‘ಕಾಲು ನೋವು.’ ಎಷ್ಟು ದಿನದಿಂದ? ‘ಬಹಳ ದಿನವಾಯಿತು.’ ಯಾವ ಮಾತ್ರೆ? ‘ಬಿಳಿಯದು, ಸಣ್ಣದು.’ ಕೈಚೀಲದಲ್ಲಿ ಏಳು ವರ್ಷದ ಕಾಗದಗಳಿದ್ದವು. ಬೇಕಾದದ್ದು ಮಾತ್ರ ಇರಲಿಲ್ಲ. ಆಮೇಲೆ ನೆಂಟರು, ನೆರೆಯವರು ಎಂದು ಹಲವರ ಜೊತೆ ಹೋಗಿಬಂದಿದ್ದೇನೆ. ಎಲ್ಲರೂ ಎಡವುವುದು ಅಲ್ಲಿಯೇ. ಕಾಲಿನ ಉರಿ, ಜೋಮು, ನರದ ನೋವು ಎಂದು ದೊಡ್ಡ ಆಸ್ಪತ್ರೆಗೆ ಹೊರಡುವವರಿಗಾಗಿ ಈ ಬರಹ.

ಮೊದಲು ಊರಿನಲ್ಲೇ ಮುಗಿಸುವುದು

ತಾಲ್ಲೂಕು ಆಸ್ಪತ್ರೆಯಲ್ಲೋ ಪರಿಚಯದ ವೈದ್ಯರಲ್ಲೋ ತೋರಿಸಿ, ರಕ್ತದ ಸಕ್ಕರೆ, ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ), ಬಿ12, ಥೈರಾಯ್ಡ್, ಕ್ರಿಯಾಟಿನಿನ್ (ಮೂತ್ರಪಿಂಡದ್ದು) ಪರೀಕ್ಷೆ ಮಾಡಿಸಿ. ಇವಕ್ಕಾಗಿ ನೂರು ಕಿಲೋಮೀಟರ್ ಹೋಗಬೇಕಿಲ್ಲ. ಒಂದೇ ಎಚ್ಚರಿಕೆ: ಜೋಮು ಎಂದ ಕೂಡಲೇ ಅಂಗಡಿಯಲ್ಲಿ ಕೇಳಿ ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಬೇಡಿ. ರಕ್ತ ಕೊಡುವ ಮೊದಲೇ ನುಂಗಿದರೆ ಬಿ12 ಕೊರತೆ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಬಿ6 ಅತಿಯಾಗಿ, ಬಹಳ ಕಾಲ ಸೇರಿದರೆ ಅದೇ ನರವನ್ನು ಕೆಡಿಸುವುದೂ ಉಂಟು. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಸುಕು ಮಚ್ಚೆ ಕಂಡರೆ ನಾಚಿಕೊಳ್ಳದೆ ತೋರಿಸಿ. ಕುಷ್ಠರೋಗದ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಕಾಲಿನ ಶಕ್ತಿ ಒಂದೆರಡು ದಿನದಲ್ಲೇ ಕುಂದಿ ಆ ನಿಶ್ಶಕ್ತಿ ಮೇಲೇರುತ್ತಾ ಹೋದರೆ, ಮೂತ್ರ ಕಟ್ಟಿದರೆ ಅಥವಾ ಅದರ ಹಿಡಿತ ತಪ್ಪಿದರೆ ಈ ಲೇಖನವನ್ನು ಮಡಚಿಟ್ಟು ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಿ.

ಹಾಳೆ ಬರೆಯುವುದು

ನಿಮ್ಮ ತೊಂದರೆ, ಔಷಧಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದಿಡಲು ಒಂದು ಸಂಜೆ ಮೀಸಲಿಡಿ. ತಜ್ಞರ ಎದುರು ನಿಮಗೆ ಸಿಗುವುದು ಹತ್ತು ನಿಮಿಷ.

ಕನ್ನಡದಲ್ಲಿ ಇಷ್ಟೊಂದು ಪದಗಳಿದ್ದರೂ ವೈದ್ಯರ ಮುಂದೆ ಎಲ್ಲವೂ ‘ನೋವು’ ಆಗಿಬಿಡುತ್ತದೆ. ಉರಿಯೇ, ಜೋಮೇ, ಚಳಕೇ, ಸೆಳೆತವೇ? ಸೂಜಿ ಚುಚ್ಚಿದಂತೆಯೇ, ಇರುವೆ ಹರಿದಂತೆಯೇ, ಕರೆಂಟು ಹೊಡೆದಂತೆಯೇ? ರಾತ್ರಿ ಹೊದಿಕೆ ತಾಗಿದರೂ ಉರಿಯುತ್ತದೆಯೇ? ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯದೆ ಮುಂದೆ ನಡೆದದ್ದುಂಟೇ? ಹಾಗೆ ನಡೆದಿದ್ದರೆ ಅದನ್ನು ಹಾಳೆಯ ಮೊದಲ ಸಾಲಿನಲ್ಲೇ ಬರೆಯಿರಿ. ಸ್ಪರ್ಶವೇ ಹೋಗುತ್ತಿರುವ ಸೂಚನೆ ಅದು. ಅಂಥವರು ಹಂಡೆಯ ಬಿಸಿನೀರಿಗೆ ಕಾಲಿಡುವ ಮೊದಲು ಬೇರೆಯವರ ಕೈಯಿಂದ ನೀರು ಮುಟ್ಟಿಸಿ ನೋಡಲಿ. ಬೊಬ್ಬೆ ಎದ್ದ ಮೇಲೂ ಗೊತ್ತಾಗದ ಕಾಲುಗಳನ್ನು ನಾನು ಕಂಡಿದ್ದೇನೆ.

ನಂತರ ಮನುಷ್ಯನ ಆಕೃತಿ ಗೀಚಿ, ತೊಂದರೆ ಇರುವಲ್ಲಿ ಪೆನ್ಸಿಲ್‌ನಿಂದ ತುಂಬಿ. ಚಿತ್ರ ಬಾಲವಾಡಿಯ ಮಟ್ಟದ್ದಾದರೂ ನಡೆಯುತ್ತದೆ. ಎರಡೂ ಪಾದಗಳ ಬೆರಳುಗಳಿಂದ ಶುರುವಾಗಿ ಕಾಲುಚೀಲ ಹಾಕಿದಂತೆ ಮೇಲೇರಿದರೆ ವೈದ್ಯರು ಹಿಡಿಯುವ ದಾರಿ ಒಂದು. ಸೊಂಟದಿಂದ ಒಂದೇ ಕಾಲಿಗೆ ಇಳಿದರೆ ಇನ್ನೊಂದು. ಶುರುವಾದ ತಿಂಗಳು ನೆನಪಿಲ್ಲದಿದ್ದರೆ ಹಬ್ಬದ ಲೆಕ್ಕ ಹಿಡಿಯಿರಿ: ಚೌತಿಗೆ ಮೊದಲೋ, ದೀಪಾವಳಿ ಕಳೆದ ಮೇಲೋ. ಹತ್ತಕ್ಕೆ ಎಷ್ಟು ನೋವು ಎಂದು ಕೇಳಿದರೆ ಎಲ್ಲರೂ ಎಂಟು ಎನ್ನುತ್ತಾರೆ. ಅದಕ್ಕಿಂತ ಅಡಿಕೆ ಸುಲಿಯಲು ಎಷ್ಟು ಹೊತ್ತು ಕೂರಬಲ್ಲಿರಿ, ರಾತ್ರಿ ಎಷ್ಟು ಬಾರಿ ಏಳುತ್ತೀರಿ ಎಂದು ಬರೆಯುವುದು ಮೇಲು.

ಔಷಧಗಳ ಹೆಸರು ಬರೆದರೆ ಸಾಲದು, ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನೇ ಒಯ್ಯಿರಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ ನುಂಗುತ್ತಿದ್ದೀರಿ ಎಂಬುದು ಬೇಕು. ಬಹುಕಾಲದ ಬಳಕೆಯಿಂದ ಬಿ12 ಇಳಿಯಬಹುದು. ಕ್ಷಯ ಅಥವಾ ಕ್ಯಾನ್ಸರ್‌ಗೆ ಚಿಕಿತ್ಸೆ ಆಗಿದ್ದರೆ ಅದೂ ಬೇಕು. ನಾಟಿ ಔಷಧವನ್ನು ಮುಚ್ಚಿಡಬೇಡಿ. ಕೆಲವು ಭಸ್ಮಗಳಲ್ಲಿ ಸೀಸ ಸಿಕ್ಕಿದ್ದುಂಟು, ಸೀಸಕ್ಕೆ ನರವೆಂದರೆ ಬಲು ಪ್ರೀತಿ. ಕುಡಿತವಿದ್ದರೆ ಪ್ರಮಾಣ ಸಮೇತ ಬರೆಯಿರಿ. ಹೆಂಡತಿ ಪಕ್ಕದಲ್ಲಿ ಕುಳಿತಾಗ ಎಲ್ಲರೂ ‘ಅಪರೂಪಕ್ಕೆ’ ಎನ್ನುವವರೇ.

ಎಲ್ಲಿಗೆ, ಯಾರ ಬಳಿ

ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ ಹತ್ತಿರ. ಕಾರವಾರದವರಿಗೆ ಗೋವಾದ ಬಾಂಬೋಲಿಯ ಸರ್ಕಾರಿ ಆಸ್ಪತ್ರೆ. ಹೊನ್ನಾವರ, ಭಟ್ಕಳದವರಿಗೆ ಮಣಿಪಾಲ. ಗೋವಾ ಬೇರೆ ರಾಜ್ಯ. ನಮ್ಮ ಆಯುಷ್ಮಾನ್ ಕಾರ್ಡ್ ನಡೆಯುತ್ತದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಕರಾವಳಿಯವರು ಬಸ್ ಬಿಟ್ಟು ಉಡುಪಿಗೆ ರೈಲು ಹಿಡಿಯಿರಿ. ಉರಿಯುವ ಕಾಲನ್ನು ಸೀಟಿನ ಸಂದಿಯಲ್ಲಿ ಮಡಚಿ ಗಂಟೆಗಟ್ಟಲೆ ಕೂರುವುದು ಶಿಕ್ಷೆ.

ಚೀಟಿ ಮಾಡಿಸುವಾಗ ‘ನರದ ಡಾಕ್ಟರ್’ ಎಂದಷ್ಟೇ ಹೇಳಿದರೆ ಶಸ್ತ್ರಚಿಕಿತ್ಸಕರ ಸಾಲಿನಲ್ಲಿ ಕೂರಿಸಿಯಾರು. ‘ನ್ಯೂರಾಲಜಿ’ ಎಂದೇ ಕೇಳಿ, ‘ನ್ಯೂರೋಸರ್ಜರಿ’ ಬೇರೆ. ಕಾರಣ ತಿಳಿದ ಮೇಲೂ ನೋವು ಬಿಡದಿದ್ದರೆ ನೋವು ಚಿಕಿತ್ಸಾ ವಿಭಾಗವಿದೆಯೇ ಎಂದು ವಿಚಾರಿಸಿ. ಅದನ್ನು ಹೆಚ್ಚಾಗಿ ಅರಿವಳಿಕೆ ತಜ್ಞರು ನಡೆಸುತ್ತಾರೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಉಳಿದವರಿಗೆ ನಿಗದಿತ ವೆಚ್ಚದ ಶೇ 30ರಷ್ಟನ್ನು ಮಾತ್ರ ಯೋಜನೆ ಭರಿಸುತ್ತದೆ, ಅದೂ 1.5 ಲಕ್ಷ ಮೀರದಂತೆ. ಖಾಸಗಿ ಆಸ್ಪತ್ರೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಹೊರರೋಗಿಯ ಮಾತ್ರೆಗಳ ಖರ್ಚನ್ನು ಕೈಯಿಂದಲೇ ಹಾಕಲು ಸಿದ್ಧರಾಗಿರಿ.

ನರದ ಪರೀಕ್ಷೆಯ ದಿನ

ಎನ್‌ಸಿವಿ (ನರದಲ್ಲಿ ಸಂಕೇತ ಹರಿಯುವ ವೇಗ ಅಳೆಯುವ) ಪರೀಕ್ಷೆ ಇದ್ದರೆ ಅಂದು ಎಣ್ಣೆ, ಮುಲಾಮು ಹಚ್ಚಬೇಡಿ. ಕೈಕಾಲು ತಣ್ಣಗಿದ್ದರೆ ಅಳತೆ ತಪ್ಪುತ್ತದೆ, ಮಳೆಗಾಲದಲ್ಲಿ ಒಣಗಿದ ಕಾಲುಚೀಲ ಇಟ್ಟುಕೊಳ್ಳಿ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ವರದಿ ‘ಸರಿಯಾಗಿದೆ’ ಎಂದು ಬಂದರೆ ನಿಮ್ಮ ಉರಿ ಸುಳ್ಳೆಂದಲ್ಲ: ಈ ಪರೀಕ್ಷೆ ದಪ್ಪ ನರತಂತುಗಳನ್ನು ಅಳೆಯುತ್ತದೆ, ಉರಿಯನ್ನು ಒಯ್ಯುವವು ಸಣ್ಣವು.

ಮನೆಗೆ ಬಂದ ಮೇಲೆ

ಪ್ರಿಗಾಬಲಿನ್, ಅಮಿಟ್ರಿಪ್ಟಿಲಿನ್, ಡ್ಯುಲೋಕ್ಸೆಟಿನ್ ಇವುಗಳಲ್ಲಿ ಒಂದನ್ನು ಬರೆದುಕೊಡಬಹುದು. ಕೊನೆಯ ಎರಡು ಖಿನ್ನತೆಯ ಮಾತ್ರೆಗಳು, ಅವನ್ನು ಕೊಟ್ಟರೆಂದು ಮುನಿಯಬೇಡಿ. ಅವು ನರದ ನೋವಿಗೂ ಕೆಲಸ ಮಾಡುತ್ತವೆ. ಗುಣ ಕಾಣಲು ವಾರಗಳು ಬೇಕು. ತೂಕಡಿಕೆ, ತಲೆಸುತ್ತು ಬರಬಹುದಾದ್ದರಿಂದ ಮೊದಲ ಕೆಲವು ದಿನ ಘಟ್ಟದ ತಿರುವಿನಲ್ಲಿ ಸ್ಕೂಟರ್ ಬೇಡ. ಗುಣವಾಯಿತೆಂದೋ ಆಗಲಿಲ್ಲವೆಂದೋ ತಟ್ಟನೆ ನಿಲ್ಲಿಸುವಂತಿಲ್ಲ, ವೈದ್ಯರನ್ನು ಕೇಳಿ ಹಂತಹಂತವಾಗಿ ಇಳಿಸಬೇಕು. ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ, ದಿನವೂ ನುಂಗಿದರೆ ಮೂತ್ರಪಿಂಡ ಕೆಡಬಹುದು. ಕಾಂತದ ಬಳೆ, ಬಸ್ ನಿಲ್ದಾಣದ ‘ನರತೈಲ’, ಪಾದ ನಡುಗಿಸುವ ಯಂತ್ರ ಇವಕ್ಕೆಲ್ಲ ಹಾಕುವ ಹಣದಲ್ಲಿ ಬೆರಳು ಒತ್ತದ, ಮೆತ್ತನೆಯ ಚಪ್ಪಲಿ ಕೊಳ್ಳಿ.

ಮಾತ್ರೆ ಶುರುವಾದ ತಾರೀಕು, ಆದ ತೊಂದರೆ, ಬಂದ ನಿದ್ದೆ ಇವನ್ನೆಲ್ಲ ಅದೇ ಹಾಳೆಯ ಹಿಂಬದಿಯಲ್ಲಿ ಬರೆಯುತ್ತಾ ಹೋಗಿ. ಮುಂದಿನ ಭೇಟಿಗೆ ಅದನ್ನೇ ಒಯ್ದರೆ ಆಯಿತು.