ಉಜ್ಬೇಕಿಸ್ತಾನದ ಬುಖಾರಾಕ್ಕೆ ಹೋದರೆ ಗುಮ್ಮಟ ಮಾತ್ರ ನೋಡಿ ಬರಬೇಡಿ

ದೇವರೇ ಇಲ್ಲ ಅಂತ ಸೋವಿಯತ್ ಸರ್ಕಾರ ಶಾಲೆಯಲ್ಲೇ ಕಲಿಸುತ್ತಿದ್ದ ಕಾಲದಲ್ಲಿ ಉಜ್ಬೇಕಿಸ್ತಾನದಲ್ಲಿ ಇಸ್ಲಾಂ ಹೇಗೆ ಉಳಿಯಿತು ಎಂದು ತಿಳಿಯಬೇಕಾದರೆ ಮನೆಗಳೊಳಗೆ ನೋಡಬೇಕು.

ಮೊದಲು ಬುಖಾರಾದ ಮೀರ್-ಇ-ಅರಬ್ ಮದರಸಾ, ಅಂದರೆ ಇಸ್ಲಾಂ ಧರ್ಮಶಿಕ್ಷಣದ ಶಾಲೆ, ನೋಡಿ. ಮುಚ್ಚಿಸಿದ್ದ ಇದನ್ನು 1940ರ ದಶಕದಲ್ಲಿ ಮತ್ತೆ ತೆರೆದರು. 1943ರಲ್ಲಿ ತಾಷ್ಕೆಂಟ್‌ನಲ್ಲಿ ಸರ್ಕಾರವೇ ಒಪ್ಪಿದ ಮುಸ್ಲಿಂ ಮಂಡಳಿಯೂ ಶುರುವಾಗಿತ್ತು. ಆದರೆ ತೆರೆದಿದ್ದ ಮಸೀದಿಗಳು ತುಂಬಾ ಕಡಿಮೆ.

ಯಾರಾದರೂ ಊಟಕ್ಕೆ ಕರೆದರೆ ಖಂಡಿತ ಹೋಗಿ. ಊಟ ಮುಗಿದ ತಕ್ಷಣ ಏಳಬೇಡಿ. ಹಿರಿಯರು ಎರಡೂ ಅಂಗೈ ಎತ್ತಿ, ಮೆಲ್ಲಗೆ ದುವಾ (ಪ್ರಾರ್ಥನೆ) ಹೇಳಿ, 'ಓಮಿನ್' (ಆಮೀನ್) ಅಂತ ಮುಖ ಸವರಿಕೊಳ್ಳುತ್ತಾರೆ. ಇದಕ್ಕೆ ಮಸೀದಿ ಬೇಡ, ಪುಸ್ತಕ ಬೇಡ, ಒಂದು ರೊಟ್ಟಿ ಇದ್ದರೆ ಸಾಕು. ಇದನ್ನು ಯಾವ ಅಧಿಕಾರಿ ತಡೆಯಲು ಆಗುತ್ತದೆ, ಅಲ್ವಾ?

ಅಜ್ಜಿಯರು ಸಿಕ್ಕರೆ 'ಓಟಿನ್' ಬಗ್ಗೆ ಕೇಳಿ. ಹೆಂಗಸರಿಗೂ ಮಕ್ಕಳಿಗೂ ಮನೆಯಲ್ಲೇ ಕುರಾನ್ ಕಲಿಸಿದ ಹೆಣ್ಣುಮಕ್ಕಳು ಇವರು, ನನ್ನ ಪ್ರಕಾರ ಇಸ್ಲಾಂ ಉಳಿದಿದ್ದರಲ್ಲಿ ಇವರ ಪಾಲೇ ಜಾಸ್ತಿ. 'ಕದ್ದು ನಮಾಜ್ ಮಾಡ್ತಿದ್ರಾ?' ಅಂತ ಸುಮ್ನೆ ಶುರು ಮಾಡಬೇಡಿ. ಮದುವೆ, ಸುನ್ನತ್ (ಗಂಡುಮಕ್ಕಳ ಮುಂಜಿ), ಸಾವಿನ ಬಗ್ಗೆ ಕೇಳಿ, ಏಕೆಂದರೆ ಕಮ್ಯುನಿಸ್ಟ್ ಪಾರ್ಟಿ ಸದಸ್ಯರಾಗಿದ್ದ ಎಷ್ಟೋ ಜನ ಕೂಡ ಹೆತ್ತವರನ್ನು ಜನಾಜಾ ನಮಾಜ್ (ಸತ್ತವರಿಗಾಗಿ ಮಾಡುವ ಪ್ರಾರ್ಥನೆ) ಆದ ಮೇಲೆಯೇ ಮಣ್ಣು ಮಾಡಿದರು. ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ. ಬೇಡ ಅಂದರೆ ಫೋನ್ ಜೇಬಿಗೆ ಹಾಕಿಕೊಂಡು ಕೂತು ಕೇಳಿ.